ತವಂದಿ ಘಟ್ಟದ ಶರ್ಯತ್ತು

ಹೆಣ್ಣು ನೋಡಲು ಬಂದವರ ಮುಂದೆ ಅವಲಕ್ಕಿ ತಟ್ಟೆ ಹಿಡಿದು ನಿಲ್ಲುವುದೆಂದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಮೇಲಿಂದ ಮೇಲೆ ಹಾಗೆ ನಿಲ್ಲಿಸಿ ನಿಲ್ಲಿಸಿ, ಒಂದು ದಿನ ತಲೆ ಕೆಟ್ಟು ತಟ್ಟೆಯನ್ನು ಟೀಪಾಯಿ ಮೇಲೆ ಕುಕ್ಕಿ ಹೇಳಿಬಿಟ್ಟೆ:

"ಘಟ್ಟಾ ಏರೂಮುಂದ ಸೈಕಲ್ ಮ್ಯಾಲ ನನ್ನ ಯಾಂವ ದಾಟಿ ಹೋಗ್ತಾನ, ಅಂವನ್ನ ಮಾಡ್ಕೋತೀನಿ. ಉಳದಾವ್ರು ಚಾ ಕುಡದ ಹೋಗ್ರಿ."

ಕುಡಿದು ಹೋದರು. ಆದರೆ ಮಾತು ಮನೆಯೊಳಗೆ ಉಳಿಯಲಿಲ್ಲ, ಯಾಕೆಂದರೆ ಮೂಲೆಯ ಕುರ್ಚಿಯಲ್ಲಿ ನನ್ನ ಸೋದರಮಾವ ಬಾಳಾಸಾಬ ಕೂತಿದ್ದ.

ಭೋಜ ಊರಿನ ಬಾಳಾಸಾಬ ಮಾಮಾ ಎಂದರೆ ಈ ಗಡಿಭಾಗದ ಶರ್ಯತ್ತುಗಳಿಗೆಲ್ಲ ಪಂಚ. ಎತ್ತಿನ ಗಾಡಿ ಓಡಲಿ, ಕುದುರೆ ಗಾಡಿ ಓಡಲಿ, ಸೈಕಲ್ ಓಡಲಿ, ಅವನು ಕೆಂಪು ನಿಶಾನಿ ಎತ್ತದೆ ಶುರುವಾಗುವುದಿಲ್ಲ, ಗೆದ್ದವರಾರೆಂದು ಅವನು ನಿಕಾಲು ಕೂಗದೆ ಮುಗಿಯುವುದಿಲ್ಲ. ಮಾತು ಎಂದರೆ ಮಾತು ಎನ್ನುವ ಮನುಷ್ಯ. ನಾನು ಸಿಟ್ಟಿನಲ್ಲಿ ಬಾಯಿ ಜಾರಿದ್ದನ್ನು ಅವನು ಶರ್ಯತ್ತಿನ ನಿಯಮವೆಂದೇ ತಿಳಿದು, "ನಮ್ಮ ಪೋರಿ ಪಣಾ ಹಚ್ಯಾಳ" ಎಂದು ರಾಯಬಾಗದಿಂದ ಕಾಗವಾಡದವರೆಗೆ ಹೋದಲ್ಲೆಲ್ಲ ಸಾರಿಬಿಟ್ಟ.

ಸಾರಲಿ, ನನಗೇನು? ನಾನು ಅಲಖನೂರಿನ ಉಜ್ವಲಾ. ಕ್ರೀಡಾ ಹಾಸ್ಟೆಲ್ಲಿನ ಅನ್ನ ತಿಂದು ರಾಜ್ಯಕ್ಕೆ ಸೈಕಲ್ ತುಳಿದವಳು, ಈಗ ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಪಣ ಗೆಲ್ಲಲು ಬಂದ ಒಂದಿಬ್ಬರು ಏರು ಅರ್ಧವಾಗುವುದರೊಳಗೆ ಸೈಕಲ್ಲನ್ನು ತಾವು ಹೊರಬೇಕೋ, ಸೈಕಲ್ ತಮ್ಮನ್ನು ಹೊರಬೇಕೋ ತಿಳಿಯದೆ ಹಿಂದಕ್ಕೆ ಹೋದರು. ನಾನು ಆರಾಮಾಗಿದ್ದೆ.

ಅಷ್ಟರಲ್ಲಿ ನಮ್ಮ ಎಮ್ಮೆ ಈಯಲಾರದೆ ಒದ್ದಾಡಿತು.

ಕರುವಿನ ಕಾಲು ಹೊಟ್ಟೆಯೊಳಗೆ ಮಡಚಿಕೊಂಡಿತ್ತು. ಬೆಳಿಗ್ಗೆ ಬೆಳಿಗ್ಗೆ ದನದ ಡಾಕ್ಟರು ಬಂದರು. ಹೆಸರು ವಿಕ್ರಾಂತ. ಹೆಸರು ಕೇಳಿದರೆ ಯುದ್ಧದ ಹಡಗು, ಮನುಷ್ಯ ನೋಡಿದರೆ ಬೆಣ್ಣೆ. ಅಂಗಿಯ ತೋಳು ಮಡಚಿ ಕೂತು, ಎಮ್ಮೆಯ ಬೆನ್ನು ಸವರುತ್ತ, "ಗಡಿಬಿಡಿ ಏನಿಲ್ಲ ನಮ್ಮವ್ವಾ… ಸಾವಕಾಶ… ನಾ ಅದೀನಲ್ಲ… ನೀ ಭಾಳ ಶಾಣೇಕಿ" ಎಂದು ಅವರು ಹೇಳುತ್ತಿದ್ದರೆ ಎಮ್ಮೆ ಶಾಂತವಾಯಿತು. ನಾನು ಕಂಬ ಹಿಡಿದುಕೊಂಡು ನಿಂತೆ. ಇಷ್ಟು ವರ್ಷ ನನ್ನೊಂದಿಗೆ ಯಾರೂ ಆ ದನಿಯಲ್ಲಿ ಮಾತಾಡಿರಲಿಲ್ಲ. ಎಮ್ಮೆಯ ಮೇಲೆ ನನಗೆ ಹೊಟ್ಟೆಕಿಚ್ಚು ಬಂತೆಂದರೆ ನಂಬಿ.

ನನ್ನೊಂದಿಗೆ ಅವರು ಆಡಿದ್ದು ಒಂದೇ ಮಾತು. "ಬಿಸಿನೀರ ತರ್ರಿ."

ಆಮೇಲೆ ಕರು ನೋಡುವ ನೆಪದಲ್ಲಿ ಅವರು ಬಂದದ್ದೇ ಬಂದದ್ದು. ಅಷ್ಟು ತಪಾಸಣೆ ಕಂಡ ಕರು ನಮ್ಮ ತಾಲ್ಲೂಕಿನಲ್ಲೇ ಇರಲಿಕ್ಕಿಲ್ಲ. ಚಹಾ ಕುಡಿಯುತ್ತ ಬಸಿಯ ಮೇಲಿನಿಂದ ನನ್ನನ್ನು ನೋಡುವುದು, ನಾನು ನೋಡಿದ ಕೂಡಲೇ ಕರುವಿನ ಕಡೆ ತಿರುಗುವುದು. ಮಾತು ಮಾತ್ರ ಇಲ್ಲ. ನಾನೇ ಹೇಳೋಣವೆಂದರೆ ಊರ ಮುಂದೆ ನೆಟ್ಟ ಪಣ ಗಂಟಲಿಗೆ ಅಡ್ಡ. ಘಟ್ಟ ಏರಿ ನನ್ನನ್ನು ದಾಟುವುದಿರಲಿ, ಈ ಮನುಷ್ಯ ಸೈಕಲ್ ಹತ್ತಿದ್ದನ್ನೇ ನಾನು ಕಂಡಿರಲಿಲ್ಲ.

೨೦೧೩ರ ಡಿಸೆಂಬರಿನಲ್ಲಿ ನಮ್ಮ ಸೈಕಲ್ ಬಳಗದ ಪ್ರವಾಸ ಹೊರಟಿತು, ಅಥಣಿಯಿಂದ ಅಂಬೋಲಿಗೆ ಮೂರು ದಿನ. ಅಥಣಿಯಲ್ಲಿ ನೋಡಿದರೆ ಡಾಕ್ಟರು ಹೊಸ ಗೇರ್ ಸೈಕಲ್ ಹಿಡಿದು, ಹೆಲ್ಮೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡು ನಿಂತಿದ್ದಾರೆ!

"ನೀವ್ಯಾಕ ಬಂದೀರಿ ಡಾಕ್ಟರ?" ಹೆಲ್ಮೆಟ್ ತಿರುಗಿಸಿ ಹಾಕುತ್ತ ಕೇಳಿದೆ.

"ಸೈಕಲ್ ಹೊಡ್ಯಾಕ್ರಿ."

"ಅಷ್ಟನ?"

ಅವರು ಬಹಳ ಹೊತ್ತು ಯೋಚಿಸಿದರು. "ಮತ್ತ… ಹವಾನೂ ಛಲೋ ಐತಂತ್ರಿ."

ಇಂಥವರನ್ನು ಏನು ಮಾಡಬೇಕು ಹೇಳಿ.

ಮೊದಲ ದಿನ ಕುಡಚಿ, ರಾಯಬಾಗ ದಾಟಿ ಚಿಕ್ಕೋಡಿಗೆ ಬಂದು ಉಳಿದೆವು. ಬಯಲು ದಾರಿ, ಕಷ್ಟವಿಲ್ಲ. ಎರಡನೆಯ ದಿನವೇ ಏರಿನ ದಿನ. ಚಿಕ್ಕೋಡಿಯಿಂದ ನಿಪ್ಪಾಣಿಗೆ ದಿಬ್ಬ ಇಳಿಜಾರು, ಆಮೇಲೆ ತವಂದಿ ಘಟ್ಟ. ನಮ್ಮ ಸಾಮಾನಿನ ಟೆಂಪೋ ಓಡಿಸುತ್ತಿದ್ದವನು ಬಾಳಾಸಾಬ ಮಾಮಾ. ಪಕ್ಕದಲ್ಲಿ ರೊಟ್ಟಿ ಬುಟ್ಟಿ ಇಟ್ಟುಕೊಂಡು ಅವನ ಹೆಂಡತಿ ಅಕ್ಕುತಾಯಿ ಅತ್ತಿ.

ಮೊದಲ ದಿಬ್ಬದಲ್ಲಿ ನಾನೊಂದು ಪರೀಕ್ಷೆ ಮಾಡಿದೆ. ಡಾಕ್ಟರು ದಾಟಲಿ, ಹೇಗೆ ಕಾಣುತ್ತದೋ ನೋಡೋಣವೆಂದು ನಿಧಾನ ಮಾಡಿದೆ. ಅವರೂ ನಿಧಾನ ಮಾಡಿದರು. ಇನ್ನೂ ನಿಧಾನ ಮಾಡಿದೆ. ಅವರೂ ಮಾಡಿದರು. ಒಬ್ಬಳು ಅಜ್ಜಿ ತಲೆಯ ಮೇಲೆ ಮೇವಿನ ಹೊರೆ ಹೊತ್ತು ನಮ್ಮಿಬ್ಬರನ್ನೂ ದಾಟಿ ಹೋದಳು.

ಎರಡನೆಯ ದಿಬ್ಬದಲ್ಲಿ ಬೇಕಂತಲೇ ಚೈನ್ ಬೀಳಿಸಿಕೊಂಡೆ. ಡಾಕ್ಟರು ಇಳಿದು ಬಂದು ನೆಲಕ್ಕೆ ಕೂತು ಚೈನ್ ಏರಿಸಿದರು. "ಆತು ನೋಡ್ರಿ, ಗಡಿಬಿಡಿ ಏನಿಲ್ಲ" ಎಂದು ಸೈಕಲ್ಲಿನ ಬೆನ್ನು ಸವರಿದರು. ಸೈಕಲ್ಲಿಗೂ ಆ ದನಿ ಸಿಕ್ಕಿತು! ಕೆನ್ನೆಗೆ ಮಸಿ ಹತ್ತಿತ್ತು. ಒರೆಸಲೆಂದು ಕೈ ಎತ್ತಿದೆ, ಹಿಂದಿನಿಂದ ಮಾಮಾ ಹಾರ್ನ್ ಹೊಡೆದ.

"ನಿಮ್ಮ ಗಲ್ಲಕ್ಕ ಮಸಿ ಆಗೇತಿ" ಎಂದೆ.

"ಇರ್ಲಿ ಬಿಡ್ರಿ" ಎಂದು ಅವರು ಇನ್ನೊಂದು ಕೆನ್ನೆ ಒರೆಸಿಕೊಂಡರು.

ಆಗ ನನಗೆ ತಿಳಿದುಹೋಯಿತು. ಈ ಮನುಷ್ಯ ನಿಂತವರನ್ನು ಬಿಟ್ಟು ಮುಂದೆ ಹೋಗುವ ಜಾತಿಯಲ್ಲ. ನಾನು ಓಡಿದರೆ ಹಿಂದೆ ಬೀಳುತ್ತಾರೆ, ನಿಂತರೆ ತಾವೂ ನಿಲ್ಲುತ್ತಾರೆ. ಹೀಗಾದರೆ ನನ್ನ ಮದುವೆ ಆಗುವುದು ಯಾವಾಗ?

ನಿಪ್ಪಾಣಿಯಲ್ಲಿ ತಿಂಡಿಗೆ ನಿಂತಾಗ ಇನ್ನೊಂದು ಗಂಟು ಬಿತ್ತು. ಅಲ್ಲಿಯ ತಂಬಾಕು ವ್ಯಾಪಾರಿಯ ಮಗ ಸುರಜ ನಮ್ಮ ಬಳಗದಲ್ಲಿದ್ದ. ಹೊರದೇಶದ ಸೈಕಲ್ಲು, ಬೆರಳಲ್ಲಿ ಎತ್ತಬಹುದು. ಕಣ್ಣಿಗೆ ಬಣ್ಣದ ಕನ್ನಡಕ. ಅವನ ಮನೆಯವರು ಆಗಲೇ ನನ್ನ ಅವ್ವನ ಹತ್ತಿರ ಮಾತು ತೆಗೆದಿದ್ದರು. ಅವನು ಇಡ್ಲಿ ಬಿಟ್ಟು ಎದ್ದು ನಿಂತ.

"ಮಾಮಾ, ನಿಮ್ಮ ನಿಶಾನಿ ತಗೀರಿ. ತವಂದಿ ಘಾಟನ್ಯಾಗ ನಾ ಉಜ್ವಲಾನ್ನ ದಾಟ್ತೀನಿ. ದಾಟಿದ್ರ ಮುಂದಿನ ತಿಂಗಳ ಸಾಖರಪುಡಾ."

ಸಾಖರಪುಡಾ ಎಂದರೆ ನಮ್ಮ ಕಡೆ ನಿಶ್ಚಯ. ಗಂಡಿನ ಕಡೆಯಿಂದ ಸಕ್ಕರೆಯ ಪೊಟ್ಟಣ ಬರುತ್ತದೆ. ಸೋದರಮಾವನ ಎದುರು ಹುಡುಗಿ ಅದನ್ನು ಕೈಯಲ್ಲಿ ಹಿಡಿದಳೆಂದರೆ ಮುಗಿಯಿತು, ಅವಳು ಆ ಮನೆಯವಳು.

"ಶಬ್ಬಾಸ್!" ಎಂದ ಮಾಮಾ. ಕಣ್ಣಲ್ಲಿ ಮೈದಾನದ ಮಿಂಚು. "ಬುಡದಿಂದ ನೆತ್ತಿಮಟ. ಯಾರರೇ ದಾಟ್ರಿ, ಪೋರಿ ಅವ್ರಿಗೆ. ಆಕೀ ಮಾತ ಐತಿ. ಹೌದಿಲ್ಲೋ ಉಜ್ವಲಾ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಡಾಕ್ಟರ ಕಡೆ ನೋಡಿದೆ. ಅವರು ನಾನು ಮುಟ್ಟದೆ ಬಿಟ್ಟ ಇಡ್ಲಿ ತಟ್ಟೆಯನ್ನು ನೋಡುತ್ತಿದ್ದರು.

"ಹೌದು" ಎಂದೆ.

ನನ್ನ ಫಜೀತಿ ನೋಡಿ ಈಗ. ನಿಧಾನ ಮಾಡಿದರೆ ಸುರಜ ದಾಟುತ್ತಾನೆ. ಜೋರು ಮಾಡಿದರೆ ಡಾಕ್ಟರು ಎಂದೆಂದಿಗೂ ದಾಟುವುದಿಲ್ಲ. ಸುರಜನನ್ನು ಮೊದಲು ಉದುರಿಸಿ, ಆಮೇಲೆ ಡಾಕ್ಟರಿಗೆ ಸೋಲಬೇಕು. ಗೆಲ್ಲುವುದಕ್ಕೆ ಕೋಚ್ ಇದ್ದರು, ಸೋಲುವುದನ್ನು ಯಾರೂ ಕಲಿಸಿರಲಿಲ್ಲ.

ಘಟ್ಟದ ಬುಡದಲ್ಲಿ ಕೆಂಪು ನಿಶಾನಿ ಬಿತ್ತು.

ಸುರಜ ನನ್ನ ಹಿಂದೆಯೇ ಅಂಟಿದ. ನಾನು ಗೇರ್ ಬದಲಿಸಿ ನಿಂತು ತುಳಿದೆ. ಮೊದಲ ತಿರುವಿನಲ್ಲಿ ಅವನ ಉಸಿರು ಕೇಳುತ್ತಿತ್ತು, ಎರಡನೆಯದರಲ್ಲಿ ಕೆಮ್ಮು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಉದುರಿದ ಎಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಕಿವಿ ಕಿತ್ತುಹೋಗುವಂತೆ ಹಾಡು ಹಚ್ಚಿಕೊಂಡು ಕಬ್ಬಿನ ಟ್ರ್ಯಾಕ್ಟರ್ ಬಂತು. ಎರಡು ಟ್ರಾಲಿ, ಎರಡರ ತುಂಬ ಕಬ್ಬು. ಕೊನೆಯ ಟ್ರಾಲಿಯ ಸರಪಳಿ ಹಿಡಿದುಕೊಂಡು, ಪೆಡಲ್ ತುಳಿಯದೆ, ಮಹಾರಾಜನಂತೆ ಸುರಜ!

"ಟಾಟಾ ಉಜ್ವಲಾ!" ಎಂದು ಹಲ್ಲು ಕಿರಿದ.

"ಲೇ ಸುರ‍್ಯಾ! ನಾಚಿಕಿ ಬರೂದಿಲ್ಲಾ?"

ಬರಲಿಲ್ಲ. ಆದರೆ ಮಾಮಾನ ಟೆಂಪೋ ಬಂತು. ಮಾಮಾ ಅರ್ಧ ಮೈ ಕಿಟಕಿಯಿಂದ ಹೊರಗೆ ಹಾಕಿ ನಿಶಾನಿ ಬೀಸಿದ. "ಬಾದ! ಬಾದ! ಗಾಡಿ ಹಿಡದಾಂವ ಶರ್ಯತ್ತಿನಿಂದ ಬಾದ!"

ಸುರಜನಿಗೆ ಈಗ ಸರಪಳಿ ಬಿಡಲು ಧೈರ್ಯವಿಲ್ಲ, ಹಿಂದೆ ಲಾರಿಗಳ ಸಾಲು. ಹಾಡಿನ ಗದ್ದಲದಲ್ಲಿ ಡ್ರೈವರಿಗೆ ಅವನ ಕೂಗು ಕೇಳುವುದಿಲ್ಲ. ಟ್ರ್ಯಾಕ್ಟರು ಅವನನ್ನು ಎಳೆದುಕೊಂಡು ಘಟ್ಟದ ನೆತ್ತಿ ದಾಟಿ ಆ ಕಡೆ ಇಳಿದುಹೋಯಿತು. ಆಮೇಲೆ ಅವನು ಫೋನ್ ಮಾಡಿದ್ದು ಸಕ್ಕರೆ ಕಾರ್ಖಾನೆಯ ತೂಕದ ಪಾಳಿಯಿಂದ.

ಮಾಮಾನ ಟೆಂಪೋ ನಿಕಾಲು ಹೇಳಲು ಮುಂದೆ ಹೋಯಿತು. ಲಾರಿಗಳ ಸಾಲೂ ದಾಟಿ ಹೋಯಿತು. ದಾರಿಯಲ್ಲಿ ನಾನೊಬ್ಬಳೇ. ನೆತ್ತಿಯ ಚಹಾದಂಗಡಿ ಕಾಣುವ ಹೊತ್ತಿಗೆ ಸೈಕಲ್ ನಿಲ್ಲಿಸಿ, ಬದಿಯ ಕಲ್ಲಿನ ಮೇಲೆ ಕುಳಿತು, ಕಾಲು ಹಿಡಿದುಕೊಂಡು ಮುಖ ಸಣ್ಣದು ಮಾಡಿದೆ. ತಣ್ಣನೆಯ ಗಾಳಿ ಬೀಸುತ್ತಿತ್ತು. ಕಾದೆ. ಬಹಳ ಕಾದೆ. ಕೊನೆಗೆ ಡಾಕ್ಟರು ತಿರುವಿನಲ್ಲಿ ಕಂಡರು. ಮುಖ ಟೊಮೆಟೊ, ಬಾಯಿ ತೆರೆದೇ ಇದೆ, ಯಾರೂ ಇಲ್ಲದ ರಸ್ತೆಯಲ್ಲಿ ತಿರುವಿಗೆ ಮರ್ಯಾದೆಯಿಂದ ಗಂಟೆ ಬಾರಿಸುತ್ತಿದ್ದಾರೆ. ಆ ಗಂಟೆ ಕೇಳಿ ನನಗೆ ಅಳು ನಗು ಎರಡೂ ಬಂತು.

"ಏನಾತ್ರಿ?"

"ಮೀನಖಂಡ ಹಿಡದೈತ್ರಿ. ನೀವು ಮುಂದ ಹೋಗ್ರಿ."

"ನಿಮ್ಮನ್ನ ಹಿಂಗ ಬಿಟ್ಟು?"

"ಹೋಗ್ರಿ ಅಂದ್ರ ಹೋಗ್ರಿ. ನೆತ್ತಿ ಇಲ್ಲೇ ಐತಿ. ಬಡಾಬಡಾ ಹೋಗ್ರಿ."

"ಬಿದ್ದ ದನಾ ಬಿಟ್ಟ ಹೋಗೂದು ನಮ್ಮ ಕೆಲಸದಾಗ ಇಲ್ರಿ."

"ನಾ ದನಾ?"

"ಹಂಗಲ್ರಿ! ಬಿದ್ದಾವ್ರನ್ನ ಅಂದೆ."

"ನಾ ಬಿದ್ದಿಲ್ಲ. ಕುಂತೀನಿ."

ಅವರು ಸೈಕಲ್ ಒರಗಿಸಿ ನನ್ನ ಮುಂದೆ ಕೂತರು. "ಯಾವ ಕಾಲ್ರಿ?"

"ಇದು."

"ನಾ ಬರೂಮುಂದ ಎಡಗಾಲ ಹಿಡಕೊಂಡಿದ್ರಿ."

ಅವರು ನನ್ನ ಮುಖ ನೋಡಿದರು. ಕರುವಿನ ಕಡೆ ತಿರುಗಲು ಅಲ್ಲಿ ಕರು ಇರಲಿಲ್ಲ, ನೋಡುತ್ತಲೇ ಉಳಿದರು.

"ನನ್ನ ಪೇಷಂಟು ಎಲ್ಲಿ ನೋಯ್ತೈತಿ ಅಂತ ಬಾಯಿಬಿಟ್ಟ ಹೇಳೂದಿಲ್ರಿ. ನೋಡೇ ತಿಳ್ಕೋಬೇಕು. ನಿಮಗ ಎಲ್ಲೂ ನೋಯವಲ್ದು."

"ನೋಯಾಕತ್ತೈತಿ" ಎಂದೆ. ಅದು ಸುಳ್ಳಾಗಿರಲಿಲ್ಲ.

ಅವರ ಕಿವಿ ಕೆಂಪಾದವು. "ನನ್ನ ಸಲುವಾಗಿ ನಿಂತ್ರೇನ್ರಿ?"

"ಮತ್ತ ಯಾರ ಸಲುವಾಗಿ ನಿಂದರ್ಲಿ? ಸುರ‍್ಯಾ ಕಬ್ಬಿನ ಕೂಡ ಹೋದ. ಈಗರೇ ದಾಟ್ರಿ ಮಾರಾಯ್ರ!"

ಸಂತೋಷ ಅವರ ಮುಖದ ತುಂಬ ಹರಡಿತು. ಹರಡಿ, ಅಲ್ಲೇ ನಿಂತಿತು. ಮೆಲ್ಲಗೆ ತಲೆ ಆಡಿಸಿದರು.

"ನಾ ದಾಟಂಗಿಲ್ರಿ."

"ಯಾಕ?"

"ನೀವು ರಾಜ್ಯಕ್ಕ ಓಡಿದಾವ್ರು. ನನ್ನ ಸಲುವಾಗಿ ಬೇಕಂತ ಸೋತೆ ಅಂತ ಮುಂದ ನಿಮಗ ಅನಸ್ತೈತಿ. ಸಿಟ್ಟ ಬಂದಾಗೆಲ್ಲಾ ಅನಸ್ತೈತಿ. ನಿಮಗ ಸಿಟ್ಟ ಭಾಳ ಬರ್ತೈತಿ."

"ನನಗೆಲ್ಲಿ ಸಿಟ್ಟ ಬರ್ತೈತಿ!" ಎಂದು ಚೀರಿದೆ. ಗಿಡದ ಹಕ್ಕಿ ಹಾರಿಹೋಯಿತು.

"ಖರೇ ಹೊಡೀರಿ" ಎಂದರು ಅವರು. "ಇಲ್ಲಿಂದ ನೆತ್ತಿಮಟ. ನಾನೂ ಜೀವಾ ತಗದ ಹೊಡೀತೀನಿ. ದಾಟಿದ್ರ ದಾಟ್ದೆ."

"ದಾಟ್ಲಿಲ್ಲಂದ್ರ?"

"ದಾಟ್ಲಿಲ್ಲಂದ್ರ ಅಂಬೋಲಿಮಟ ನಿಮ್ಮ ಹಿಂದಿಂದ ಬರ್ತೀನ್ರಿ. ಅಲ್ಲಿಂದ ಮನೀಗಿ ಹೋಗ್ತೀನಿ. ನಿಮ್ಮ ಮಾತ ನಿಮಗ ದೊಡ್ಡದಂತ ಎಲ್ಲಾರಿಗೂ ಗೊತ್ತೈತಿ."

ಇಂಥ ಹಟಮಾರಿ ಬೆಣ್ಣೆಯನ್ನು ನಾನು ನೋಡಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಕಾಣಬಾರದೆಂದು ಸೈಕಲ್ ಹತ್ತಿದೆ.

ಹೊರಟೆವು. ಅವರು ನಿಜವಾಗಿಯೂ ಜೀವ ತೆಗೆದು ತುಳಿದರು. ಒಂದು ಗಳಿಗೆ ಅವರ ಮುಂದಿನ ಗಾಲಿ ನನ್ನ ಪೆಡಲಿನ ಸಮಕ್ಕೆ ಬಂತು. ಬಾ, ಬಾ, ಇನ್ನೊಂದು ಮೊಳ ಎಂದು ಮನಸ್ಸು ಕೂಗಿತು. ಬಾಯಿಗೆ ಸುಳ್ಳು ಹೇಳಲು ಬರುತ್ತದೆ, ನನ್ನ ಕಾಲಿಗೆ ಬರುವುದಿಲ್ಲ. ಅವು ವರ್ಷಗಳಿಂದ ಕಲಿತದ್ದನ್ನೇ ಮಾಡಿದವು. ನೆತ್ತಿಯಲ್ಲಿ ಮಾಮಾನ ನಿಶಾನಿ ಬಿದ್ದಾಗ ಡಾಕ್ಟರು ಬಹಳ ಹಿಂದೆ, ಇಳಿದು ಸೈಕಲ್ ನೂಕುತ್ತಿದ್ದರು.

"ಪೈಲಾ ನಂಬರ, ಉಜ್ವಲಾ!" ಎಂದು ಮಾಮಾ ಕೂಗಿದ. ಚಹಾ ಕುಡಿಯುತ್ತಿದ್ದ ಲಾರಿಯವರು, ಕಬ್ಬು ಕಡಿಯಲು ಹೊರಟ ಗ್ಯಾಂಗಿನವರು, ಮಾಮಾನ ಟೆಂಪೋದಲ್ಲೇ ಮೇಲೆ ಬಂದಿದ್ದ ನಮ್ಮ ಬಳಗದ ದಣಿದವರು ಎಲ್ಲ ಚಪ್ಪಾಳೆ ತಟ್ಟಿದರು. ಜೀವಮಾನದಲ್ಲಿ ಗೆದ್ದು ಇಷ್ಟು ದುಃಖವಾದದ್ದು ನನಗೆ ಅದೇ ಮೊದಲು.

ಅಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಕೈಕಾಲು ನಡುಗಿ, ಮೈ ತಣ್ಣಗೆ ಬೆವರಿ, ಅಂಗಡಿಯ ಕಟ್ಟೆಯ ಮೇಲೆ ಕುಸಿದೆ. ಈ ಸಲ ನಾಟಕವಲ್ಲ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಡಾಕ್ಟರು ನನ್ನ ಮುಖ ನೋಡಿದವರೇ ಸೈಕಲ್ಲನ್ನು ರಸ್ತೆಯಲ್ಲೇ ಬಿಸಾಡಿ ಓಡಿ ಬಂದರು. ಮೊಣಕಾಲೂರಿ, ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು ನನ್ನ ಎರಡೂ ಕೈಯಲ್ಲಿಟ್ಟು ಮುಚ್ಚಿದರು.

"ಸಕ್ಕರಿ ಐತಿ, ತಿನ್ರಿ. ನಿಪ್ಪಾಣ್ಯಾಗ ನೀವು ತಿಂಡಿ ಮುಟ್ಟಲಿಲ್ಲ, ಅದಕ್ಕ ಕಿರಾಣಿ ಅಂಗಡ್ಯಾಗ ಕಟ್ಟಿಸ್ಕೊಂಡಿದ್ದೆ. ಗಡಿಬಿಡಿ ಏನಿಲ್ಲ… ಸಾವಕಾಶ… ನಾ ಅದೀನಲ್ಲ…"

ಆ ದನಿ! ಕೊನೆಗೂ ನನಗೆ!

ಕರಗಿಹೋಗಲು ಹೊತ್ತು ಸಿಗಲಿಲ್ಲ. ಟೆಂಪೋದ ಹತ್ತಿರದಿಂದ ಅಕ್ಕುತಾಯಿ ಅತ್ತಿ ಕೂಗಿದಳು.

"ಅಗಬಾಯಿ! ರೋಡ ಮ್ಯಾಲ ಸಾಖರಪುಡಾ! ಕೊಟ್ಟಾ, ಹುಡಿಗಿ ಹಿಡದ್ಲು, ನಾ ಕಣ್ಣಾರೆ ನೋಡೀನಿ! ಅಲ್ರೀ, ಸೋದರಮಾವ ಎದುರಿಗೇ ನಿಂತೀರಿ, ಮತ್ತೇನ ಬೇಕು?"

ಯಾರಾದರೂ ತಡೆಯುವುದರೊಳಗೆ ಟೆಂಪೋದ ದೇವರ ಫೋಟೋ ಮುಂದಿದ್ದ ಕುಂಕುಮ ತಂದು ನನ್ನ ಹಣೆಗೂ ಡಾಕ್ಟರ ಬೆವರಿನ ಹಣೆಗೂ ಹಚ್ಚಿಬಿಟ್ಟಳು. ಡಾಕ್ಟರ ಮೂಗಿನವರೆಗೆ ಕೆಂಪು ಇಳಿಯಿತು. ಕಬ್ಬಿನ ಗ್ಯಾಂಗಿನವರು ಸಿಳ್ಳೆ ಹಾಕಿದರು.

"ಅಲ್ರಿ ಅಕ್ಕಾರ… ಇವ್ರಿಗೆ ಸಕ್ಕರಿ ಕಡಿಮಿ ಆಗಿತ್ರಿ… ಇದು ಔಷಧ—"

"ನಿಂದರ್ರಿ ಎಲ್ಲಾರೂ!" ಮಾಮಾ ನಿಶಾನಿ ಎತ್ತಿದ. "ಅಂವಾ ಸೋತಾನ. ಸೋತಾಂವ ಸಾಖರಪುಡಾ ಹೆಂಗ ಕೊಡ್ತಾನ? ಉಜ್ವಲಾ, ಎಲ್ಲಾರ ಮುಂದ ಹೇಳು. ನಿನ್ನ ಮಾತ ಏನಿತ್ತು?"

ನಾನೂ ಔಷಧ ಎಂದರೆ ಸಾಕು, ಎಲ್ಲರೂ ನಕ್ಕು ಕುಂಕುಮ ಒರೆಸಿಕೊಂಡು ಹೋಗುತ್ತಾರೆ. ನನ್ನ ಮಾತು ನೆಟ್ಟಗೆ ನಿಲ್ಲುತ್ತದೆ. ಇಲ್ಲದಿದ್ದರೆ ಮಾತಿಗೆ ತಪ್ಪಿದ ಹುಡುಗಿ ಎಂದು ಪ್ರತಿ ಶರ್ಯತ್ತಿನ ಮೈದಾನದಲ್ಲೂ ನನ್ನ ಹೆಸರು ಹೇಳುತ್ತಾರೆ, ಮಾಮಾ ತಲೆ ತಗ್ಗಿಸುತ್ತಾನೆ. ಡಾಕ್ಟರು ನನ್ನ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದರು.

ಪೊಟ್ಟಣ ಬಿಚ್ಚಿ ಬಾಯಿ ತುಂಬ ಸಕ್ಕರೆ ಹಾಕಿಕೊಂಡೆ. ನುಂಗಿ ಎದ್ದು ನಿಂತೆ.

"ನನ್ನ ಮಾತ ನಾ ಮುರದೀನಿ ಮಾಮಾ. ಅದನ್ನ ಸಿಟ್ಟಿನಾಗ ಆಡಿದ್ದೆ. ಇದನ್ನ ಸಿಟ್ಟಿಲ್ಲದ ಹೇಳಾಕತ್ತೀನಿ. ನನಗ ಇವ್ರು ಬೇಕು. ಯಾರ ಏನರೇ ಅನ್ಲಿ."

ನಾನು ಡಾಕ್ಟರ ಕಡೆ ತಿರುಗಿದೆ.

"ಈಗ ನೀವು ಹೇಳ್ರಿ. ಔಷಧ ಅಂತ ಕೊಟ್ರೋ, ಏನ?"

ಅವರು ಎದ್ದರು. ಮೂಗಿನ ತುದಿಯಲ್ಲಿ ಕುಂಕುಮ. "ಔಷಧಂತನ ಕೊಟ್ಟಿದ್ದೆ… ಆದ್ರ ವಾಪಸ್ ತಗೊಳ್ಳಂಗಿಲ್ರಿ" ಎಂದರು. ಆಮೇಲೆ ಒಂದೇ ಉಸಿರಿನಲ್ಲಿ, "ನಿಮ್ಮ ಎಮ್ಮಿ ಈದ ದಿನಾನ ಕೇಳಬೇಕಂತ ಮಾಡಿದ್ದೆ. ಬಾಯಿಗಿ ಬಿಸಿನೀರ ಬಂತು."

ಎಲ್ಲರೂ ಗೊಳ್ಳೆಂದು ನಕ್ಕರು. ಮಾಮಾ ಮಾತ್ರ ನಗಲಿಲ್ಲ. ಟೋಪಿ ತೆಗೆದು ತಲೆ ಒರೆಸಿಕೊಂಡ, ಮತ್ತೆ ಹಾಕಿಕೊಂಡ.

"ಇಷ್ಟ ವರ್ಷಾತು ಪಂಚ ಆಗಿ. ಸೋತಾವ್ರ ಕೈಯಾಗ ನಾ ಬಕ್ಷೀಸ ಇಟ್ಟಾಂವ ಅಲ್ಲ."

"ಈಗ್ಲೂ ಇಡಬ್ಯಾಡ ಮಾಮಾ. ಗೆದ್ದಾಕಿ ನಾ. ಬಕ್ಷೀಸ ಇವ್ರು."

ಮಾಮಾ ನನ್ನನ್ನು ನೋಡಿದ. ಡಾಕ್ಟರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ನಿಯಮದಲ್ಲಿ ಎಲ್ಲೂ ತಪ್ಪು ಸಿಗಲಿಲ್ಲವೆಂದು ಕಾಣುತ್ತದೆ. ಅವರ ರಟ್ಟೆ ಹಿಡಿದು ತಂದು ನನ್ನ ಪಕ್ಕದಲ್ಲಿ ನಿಲ್ಲಿಸಿ, ನಿಶಾನಿ ಮೇಲೆತ್ತಿ, ಮೈದಾನದಲ್ಲಿ ಕೂಗುವ ಅದೇ ದನಿಯಲ್ಲಿ ಕೂಗಿದ:

"ಪೈಲಾ ನಂಬರ, ಅಲಖನೂರ ಉಜ್ವಲಾ! ಬಕ್ಷೀಸ, ದನದ ಡಾಕ್ಟರ!"